ಯಾರ ಕೈ ನೋಡಿ

ನಾಲ್ಕು ಬೆರಳು ಉದ್ದ, ಕಪ್ಪು ನೈಲಾನು,
ಒಳಗೆ ಗಾಜಿನ ಎಳೆ, ನಡುವೆ ಹಿತ್ತಾಳೆಯ ತಿರುಪು.
ಭೋಸರಿಯ ನಮ್ಮ ತಗಡಿನ ಶೆಡ್ಡಿನಲ್ಲಿ
ಅಚ್ಚಿನಿಂದ ಕಳಚಿ ಬಿದ್ದಾಗ
ಕೆಂಡದಿಂದ ತೆಗೆದ ಬದನೆಕಾಯಿಯಷ್ಟು ಬಿಸಿ.

ರೈಫಲ್ಲಿನ ನಳಿಕೆಯ ಕೆಳಗೆ
ನೆಟ್ಟಗೆ ನಿಲ್ಲಿಸಿ ಬಿಗಿದರೆ
ಎಡಗೈಗೊಂದು ನೆಲೆ.
ಗುಂಡು ಇದರದ್ದಲ್ಲ, ಗುರಿಯೂ ಅಲ್ಲ.

ಮೊದಲು ನಾವೇ ಅದನ್ನು ಹಿಂಸಿಸಿದೆವು:
ಎದೆಯೆತ್ತರದಿಂದ ಸಿಮೆಂಟಿಗೆ ಹತ್ತು ಸಲ,
ಭಟ್ಟಿಯಲ್ಲಿ ಒಂದು ರಾತ್ರಿ,
ಕುಲ್ಫಿಯವನಿಂದ ಎರವಲು ತಂದ ಐಸಿನ ಡಬ್ಬಿಯಲ್ಲಿ ಒಂದು ಹಗಲು,
ಗ್ರೀಸು ಬಳಿದು, ಇಪ್ಪತ್ತು ಕಿಲೋ ಕಬ್ಬಿಣ ತೂಗುಬಿಟ್ಟು.
ಮಾಲೀಕ ಪರಾಂಡೆಕರ್ ಪಟ್ಟಿಯಲ್ಲಿ ಗೀರು ಹಾಕುತ್ತ ಹೋದ.
ಮುರಿಯಲಿಲ್ಲ ಅಂದರೆ
ಪಟ್ಟಿಯ ಭಾಷೆಯಲ್ಲಿ, ಒಳ್ಳೆಯದು.

ಆಮೇಲೊಂದು ಮಂಗಳವಾರ, ರಾಮಟೇಕಡಿಯಾಚೆಯ ರೇಂಜು.
ಮಣ್ಣಿನ ದಿಬ್ಬ, ಒಣ ಹುಲ್ಲು, ಕಟ್ಟಿಗೆಯ ಚೌಕಟ್ಟಿಗೆ
ಅಂಟಿಸಿದ ಕಾಗದದ ಮನುಷ್ಯ.
ಹಾರಿಸಲು ಬಂದವಳು ಉಜ್ವಲಾ ತೋಡ್ಕರ್, ಶಿಪಾಯಿ,
ಹೆಗಲಿಗಿಂತ ಬಂದೂಕೇ ಅಗಲ ಅನ್ನಿಸುವಂಥವಳು.
ನಲವತ್ತು ಗುಂಡು.
ಹದಿನೈದರ ಮೇಲೆ ನಳಿಕೆ ಜಿಗಿಯತೊಡಗಿತು,
ಮೂವತ್ತಕ್ಕೆ ತಿರುಪು ಕೂದಲೆಳೆಯಷ್ಟು ಸಡಿಲ.
ಕಾಗದದ ಮೇಲೆ ತೂತುಗಳು
ಒಗ್ಗರಣೆಯ ಸಾಸಿವೆ ಸಿಡಿದಂತೆ, ಎಲ್ಲೆಂದರಲ್ಲಿ.

ಬಂದೂಕು ಇಳಿಸಿ ನನ್ನತ್ತ ತಿರುಗಿದಳು.
ನಾನು ಎಣಿಸುತ್ತಿದ್ದದ್ದು ಬಾಯೊಳಗೆ, ಕನ್ನಡದಲ್ಲಿ;
ಕಿವಿಗೆ ಹತ್ತಿ ತುರುಕಿಕೊಂಡಿದ್ದವಳು ತುಟಿ ಓದಿದ್ದಳು.
"ಅಲ್ರೀ, ಈ ಬೆರಳಿನ ಗುಣಿ
ಯಾರ ಕೈ ನೋಡಿ ಕೊರದೀರಿ?"

ಅಕ್ಕಲಕೋಟದ ಕಡೆಯವಳು. ನಾನು ಜತ್ತಿನವ.
ಊರು ಹೇಳಿದೆ, ಉತ್ತರ ಹೇಳಲಿಲ್ಲ:
ಹಸಿ ಮೇಣ ಹಿಂಡಿ ಅಚ್ಚು ತೆಗೆದದ್ದು
ನನ್ನದೇ ಅಂಗೈ.

"ನನ್ನ ಕಿರಿಬೆರಳು ಏಣಿನ ಮ್ಯಾಲೇ ಕೂಡತೈತಿ ನೋಡ್ರಿ.
ಬೀಸೂಕಲ್ಲಿನ ಗೂಟಕ್ಕ ಗುಣಿ ಇರತಾವೇನು?
ಅತ್ತಿ ಸೊಸಿ ಎದುರಾಬದುರಾ ಕುಂತು
ಇಬ್ಬರೂ ಅದನ್ನ ಹಿಡೀತಾರ.
ಅಂಥಾ ಜಗಳದಾಗೂ ಕೈ ಜಾರಂಗಿಲ್ಲ."

ಆ ರಾತ್ರಿ ಅರ ಹಿಡಿದು ಕೂತೆ.
ಒಂದೊಂದೇ ಏಣು ತೇದೆ. ಮೀಸೆಯಲ್ಲಿ ಕಪ್ಪು ಪುಡಿ,
ಉಗುಳಿದರೆ ಉಗುಳೂ ಕಪ್ಪು.
ನನ್ನ ತೋರುಬೆರಳು ಹೋಯಿತು, ನಡುಬೆರಳು ಹೋಯಿತು,
ಹುಡುಗನಿದ್ದಾಗ ಪ್ರೆಸ್ಸಿಗೆ ಸಿಕ್ಕಿ ಸೊಟ್ಟಗಾದ
ಉಂಗುರಬೆರಳೂ ಹೋಯಿತು.
ಉಳಿದದ್ದು ಬರೀ ಗೂಟ.
ಮೈಗೆ ಮೈದಾದ ನುಣುಪು ಬೇಡವೆಂದು
ಜೋಳದ ಹಿಟ್ಟಿನಷ್ಟು ತರಿ ಬಿಟ್ಟೆ,
ತಿರುಪಿನ ಕೆಳಗೊಂದು ಸ್ಪ್ರಿಂಗ್ ವಾಶರು.

ಮರುವಾರ ಅವಳು ಅದಕ್ಕೆ ಜೋತುಬೀಳಲಿಲ್ಲ.
ಹಿಡಿದು, ಹೆಗಲಿನ ಕಡೆಗೆ ಮೆಲ್ಲಗೆ ಎಳೆದುಕೊಂಡಳು,
ಎದುರಿನವಳು ತಳ್ಳಿದ ಸುತ್ತನ್ನು ತನ್ನತ್ತ ತರುವ ಹಾಗೆ.
ನಲವತ್ತು.
ತಿರುಪು ಕದಲಲಿಲ್ಲ.

ಕಾಗದದ ಬಳಿ ನಡೆದೆವು.
ತೂತುಗಳೆಲ್ಲ ಒಂದೇ ಕಡೆ ಗುಂಪುಗೂಡಿದ್ದವು.
ಅಳತೆಪಟ್ಟಿ ತೆಗೆಯುವಷ್ಟರಲ್ಲಿ ಅವಳು
ತನ್ನ ಅಂಗೈ ಇಟ್ಟಳು ಅದರ ಮೇಲೆ,
ಆ ಕಾಗದದವನ ಎದೆಯ ಮೇಲೆ,
ಜ್ವರ ನೋಡುವವಳ ಹಾಗೆ.
ಅಂಗೈ ಅಡಿಯಲ್ಲಿ ಎಲ್ಲವೂ ಮುಚ್ಚಿಹೋಯಿತು.
ಪರಾಂಡೆಕರ್ "ಝಕಾಸ್!" ಎಂದು ಕೂಗಿದ.
ಅವಳು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು,
ಎರಡು ಸಲ.
ನಾನು ಅಳತೆ ಬರೆದುಕೊಂಡೆ. ಅದು ನನ್ನ ಕೆಲಸ.

ಹಿಂದಿರುಗುವಾಗ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ.
ನಡುಗಂಬಕ್ಕೆ ಏಳೆಂಟು ಕೈ, ಒಂದರ ಮೇಲೊಂದು,
ಬಳೆಯದ್ದು, ಗಡಿಯಾರದ್ದು, ಮಸಿ ಹತ್ತಿದ್ದು.
ಬ್ರೇಕು ಬಿದ್ದಾಗಲೆಲ್ಲ
ಎಲ್ಲರೂ ಕಂಬವನ್ನು ತಮ್ಮ ತಮ್ಮ ಹೆಗಲಿಗೆ ಎಳೆದುಕೊಂಡೆವು.

ಆರುನೂರರ ಆರ್ಡರು ಬಂತು, ಗುಣಿಯಿಲ್ಲದ್ದು.
ತೇಯದೆ ಉಳಿದ ಹಳೆಯ ಮಾದರಿಯೊಂದನ್ನು
ಶೆಡ್ಡಿನ ಬಾಗಿಲಿಗೆ ಹಿಡಿಕೆ ಮಾಡಿದ್ದೇನೆ.
ನನಗೆ ಸಲೀಸು.
ಉಳಿದವರು ಬೈಯುತ್ತ ತೆರೆಯುತ್ತಾರೆ.