ಗಾಜಿನ ಪಟ್ಟಿ

ನಮ್ಮ ಪಡಸಾಲೆಯ ಗೋಡೆಯಲ್ಲೊಂದು ಬಿರುಕು,
ದೀಪದ ಗೂಡಿನಿಂದ ತೊಲೆಯವರೆಗೆ.
ಅದಕ್ಕೆ ಅಡ್ಡಲಾಗಿ, ಎರಡು ಹಿಡಿ ಸಿಮೆಂಟು ಕಚ್ಚಿ ಹಿಡಿದ
ಗೇಣುದ್ದದ ಗಾಜು.
ಕೆಳಗೆ ಮೊಳೆಯಿಂದ ಗೀಚಿದ ತಾರೀಖು: ೧೪-೧೦-೯೩.
ಪಾಗುಂಟಪ್ಪ ಗೌಂಡಿಯ ಮೂರು
ಯಾವಾಗಲೂ ತಿರುಗಿ ಕೂತಿರುತ್ತದೆ.

ಆ ರಾತ್ರಿ ಖಾಸಬಾವಿಯಲ್ಲಿ ಗಣಪನನ್ನು ಬಿಟ್ಟು
ಗಂಟಲು ಹರಕೊಂಡು ಬಂದು ಮಲಗಿದ್ದೆವು.
ನಾಲ್ಕು ಹೊಡೆಯುವ ಮುಂಚೆ
ಅಡಕಲ ಗಡಿಗೆಗಳು ತಮ್ಮತಮ್ಮಲ್ಲೇ ಮಾತಾಡಿದವು.
ಬೆಕ್ಕು, ಅಂದಳು ಅವ್ವ.
ಆಮೇಲೆ ಮಂಚ ನಡೆಯಿತು.
ಬಿಜ್ಜಮ್ಮತ್ತೆಯ ಮದುವೆ ಫೋಟೊ ಮೊಳೆ ಬಿಟ್ಟು
ನನ್ನ ದಿಂಬಿನ ಪಕ್ಕ ಬಿತ್ತು.
ಓಣಿಯೆಲ್ಲ ಹೊರಗೆ.
ಖಾದರಬೀ ಚಾಚಿಯ ನೆರೆತ ಕೂದಲು ಮೊದಲ ಸಲ ಕಂಡೆ.
ಎಂಟು ವರ್ಷದ ನನಗೆ ಹಬ್ಬ ಇನ್ನೂ ಮುಗಿದಿರಲಿಲ್ಲ.

ನಮ್ಮ ಓಣಿಯಲ್ಲಿ ಯಾರೂ ಸಾಯಲಿಲ್ಲ.
ಸತ್ತವರು ಎಲ್ಲಿದ್ದಾರೆಂದು ರೇಡಿಯೊ ಹೇಳಿತು.

ಹಾರೆ ಸಲಿಕೆ ಕಟ್ಟಿಕೊಂಡು, ಆರು ಆಳು ಕರಕೊಂಡು
ಪಾಗುಂಟಪ್ಪ ಕಿಲ್ಲಾರಿ ಕಡೆ ಲಾರಿ ಹತ್ತಿದ.
ಹನ್ನೊಂದು ದಿನಕ್ಕೆ ಬಂದ.
ಊಟಕ್ಕೆ ಕೂತರೆ ಕೈ ಮೂಸಿ ನೋಡಿ ಏಳುತ್ತಿದ್ದ.
ಕಂಡದ್ದನ್ನು ಹೇಳಲಿಲ್ಲ, ಕಲ್ಲಿನ ಮಾತು ಹೇಳಿದ:

"ಎರಡು ಗ್ವಾಡಿ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ವು,
ನಡುವ ಬರೇ ಮಣ್ಣು, ಹಳ್ಳು.
ಈ ಮುಖದಿಂದ ಆ ಮುಖಕ್ಕ ಹಾಯೋ ಕಲ್ಲು ಒಂದೂ ಇಲ್ಲ.
ಅಲ್ಲಾಡಿದ ಕೂಡ್ಲೇ ಒಂದು ಒಳಗ ಬಿತ್ತು, ಒಂದು ಹೊರಗ.
ಮ್ಯಾಲ ಎರಡು ಮೊಳ ಮಣ್ಣಿನ ಮಾಳಿಗಿ.
ಕಟ್ಟಿದಾವ ನನ್ನಂಥಾವನೇ."

ಫೋಟೊದ ಒಡೆದ ಗಾಜನ್ನೇ ಕೊಯ್ದು ನಮ್ಮ ಬಿರುಕಿಗೆ ಕೂಡಿಸಿದ.
"ಇದು ಒಡೀತಂದ್ರ ಗ್ವಾಡಿ ಇನ್ನಾ ನಡ್ಯಾಕತ್ತೈತಿ.
ಒಡೀಲಿಲ್ಲಂದ್ರ ಮಲಗ್ರಿ."

ರಾಯಚೂರು ಇದಕ್ಕಾಗಿ ಕಂಬ ನಿಲ್ಲಿಸಲಿಲ್ಲ.
ಮಂಚಗಳು ಗೋಡೆಯಿಂದ ಮೊಳ ದೂರ ಸರಿದವು,
ಚಪ್ಪಲಿಗಳ ಮೂಗು ಬೀದಿಗೆ ತಿರುಗಿತು, ಅಷ್ಟೆ.
ಶಕ್ತಿನಗರಕ್ಕೆ ಕಲ್ಲಿದ್ದಲಿನ ಗೂಡ್ಸು ಹಾದರೆ
ಎತ್ತಿದ ತುತ್ತು ನಿಲ್ಲುತ್ತದೆ,
ಮನೆಮಂದಿಯ ಕಣ್ಣು ಗಾಜಿಗೆ ಹೋಗಿ ಬರುತ್ತದೆ.
ಆಮೇಲೆ: ಪುಂಡಿಪಲ್ಯ ಇನ್ನೊಂದಿಷ್ಟು ಹಾಕು.

ಅಲ್ಲಿಂದ ಮುಂದೆ ಪಾಗುಂಟಪ್ಪ ಕಟ್ಟಿದ ಗೋಡೆಗಳಿಗೆಲ್ಲ
ಎರಡು ಮೊಳಕ್ಕೊಂದು ಅಡ್ಡಗಲ್ಲು.
ಕಲ್ಲು ದಂಡ ಅಂತ ಜಗಳಾಡಿದ ಮಾಲೀಕರಿಗೆ
ತನ್ನ ಕೂಲಿಯಲ್ಲೇ ಮುರಕೊಳ್ಳಿರಿ ಅಂದ.
ತಿಮ್ಮಾಪುರಪೇಟೆಯಲ್ಲಿ ನಡೆದರೆ ಇವತ್ತಿಗೂ ಗುರುತು ಹತ್ತುತ್ತದೆ,
ಗೋಡೆಯಿಂದ ಎರಡು ಬೆರಳು ಮುಂದೆ ಬಂದ ಕಲ್ಲಿನ ತುದಿ.
ಗಿಲಾಯಿಯವರು ಬೈಯುತ್ತಾರೆ,
ಹುಡುಗರು ಕಾಲಿಟ್ಟು ಹತ್ತುತ್ತಾರೆ.

ಹೋದ ಬೇಸಿಗೆ ಗಾಜು ಒಡೆಯಿತು.
ಭೂಮಿಯಲ್ಲ, ತಮ್ಮನ ಮಗನ ಕಾರ್ಕ್ ಬಾಲು.
ಸಪ್ಪಳಕ್ಕೆ ಅವ್ವ ಮಂಡಿನೋವು ಮರೆತು ಅಂಗಳಕ್ಕೆ ಓಡಿದಳು,
ಅವಳನ್ನು ಕಂಡು ಓಣಿ ಓಡಿತು.
ಸಂಗತಿ ತಿಳಿದು ಚಾಚಿಯ ಮೊಮ್ಮಗಳು ನಕ್ಕಳು,
ಹುಡುಗ ಅತ್ತ.

ಪಾಗುಂಟಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ.
ಮಗಳ ಹೆಗಲು ಹಿಡಿದು ಬಂದ,
ಬಿರುಕಿಗೆ ಉಗುರಿಟ್ಟು ಮೇಲಿಂದ ಕೆಳಗೆ ಓದಿದ.
"ಅಷ್ಟೇ ಐತಿ."
ಹಾಗಾದರೆ ಪುಟ್ಟಿ ತುಂಬಿ ಮುಚ್ಚೋಣ, ಅಂದೆವು.
ಅವನು ಚಾಚಿದ ಕೈ ಮಡಚಲಿಲ್ಲ.

ಅವ್ವ ಒಳಗೆ ಹೋಗಿ
ಗಾಜಿಲ್ಲದೆ ಹಳದಿಯಾದ ಬಿಜ್ಜಮ್ಮತ್ತೆಯ ಹಿಂದಿನಿಂದ
ಪೇಪರಿನಲ್ಲಿ ಸುತ್ತಿಟ್ಟ ಇನ್ನೊಂದು ಚೂರು ತಂದಳು.
ಇಷ್ಟು ವರ್ಷ ಇಟ್ಟಿದ್ದಳೆಂದು ನಮಗೆ ಗೊತ್ತಿರಲಿಲ್ಲ.

ಸಿಮೆಂಟು ಹಸಿಯಿರುವಾಗ ಮೊಳೆ ಹುಡುಗನ ಕೈಗೆ ಬಂತು.
ಮೇಲಿನ ತಾರೀಖನ್ನು ಬಹಳ ಹೊತ್ತು ನೋಡಿ
ಮೂರು ಯಾವ ಕಡೆ ಮುಖ ಮಾಡಬೇಕು
ಅಂತ ಕೇಳಿದ.