ಹನ್ನೆರಡನೆಯ ದಿನ

ಮೊದಲ ದಿನ ಕಾಲಿಡಲು ಜಾಗವಿರಲಿಲ್ಲ.
ಯೆಹೂದ ಕುಲದ ನಾಯಕ ಕಾಣಿಕೆ ತಂದಾಗ
ಮಕ್ಕಳು ಅಪ್ಪಂದಿರ ಹೆಗಲೇರಿ ನೋಡಿದ್ದರು
ಬೆಳ್ಳಿ ಹರಿವಾಣದಲ್ಲಿ ಬಿಸಿಲು ಹೊರಳುವುದನ್ನು.
ಐದನೆಯ ದಿನಕ್ಕೆ ಹೆಗಲುಗಳು ಖಾಲಿ.
ಎಂಟಕ್ಕೆ ಹೆಂಗಸರು ಮನ್ನ ಬೀಸಲು ಎದ್ದುಹೋದರು.
ಹನ್ನೊಂದಕ್ಕೆ ಒಂದು ನಾಯಿ ಬಂದು ಕೂತಿತ್ತು,
ಟಗರಿನ ವಾಸನೆ ಹಿಡಿದು,
ಅದೂ ಆಕಳಿಸಿತು.

ಹನ್ನೆರಡನೆಯ ದಿನ ಬಂದವನು ಅಹೀರ,
ಏನಾನನ ಮಗ, ನಫ್ತಾಲಿ ಕುಲದ ಹಿರಿಯ.
ಲಿಪಿಕಾರ ಪೆದಾಯ ತಲೆಯೆತ್ತಲಿಲ್ಲ.
ಬೋಗುಣಿ ಕೆಳಗಿಡುವ ಮೊದಲೇ ಬರೆಯತೊಡಗಿದ್ದ:
ನೂರ ಮೂವತ್ತು. ಎಪ್ಪತ್ತು. ಹತ್ತು.
"ತೂಗು" ಅಂದ ಅಹೀರ.
"ತೂಗುವುದೇನು, ಹನ್ನೊಂದು ದಿನದಿಂದ ಅದೇ ತೂಕ."
"ತೂಗಪ್ಪಾ."
ತೂಗಿದರು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ತಕ್ಕಡಿಗೆ ತಿಳಿಯದ ಮಾತೊಂದಿತ್ತು.

ದಾರಿ ನಡೆಯುವಾಗ ನಫ್ತಾಲಿಯವರು ಎಲ್ಲರಿಗಿಂತ ಹಿಂದೆ.
ಮುಂದಿನವರು ಗುಡಾರದ ಗೂಟ ಬಡಿದು
ನೀರು ಕುಡಿದು ಕಾಲು ಚಾಚುವ ಹೊತ್ತಿಗೆ
ಇವರಿನ್ನೂ ಹೊರಡಲು ಎದ್ದು ನಿಂತಿರುತ್ತಾರೆ.
ಅಷ್ಟು ಕುಲಗಳ ಧೂಳೇ ಇವರ ಮೊದಲ ತುತ್ತು.
ಜನ ಬೀಳಿಸಿಕೊಂಡದ್ದೆಲ್ಲ ಅಹೀರನ ಕಾಲಿಗೆ ತೊಡರುತ್ತದೆ:
ಬಾರು ಹರಿದ ಚಪ್ಪಲಿ,
ನೊಗದ ಗೂಟ,
ನೈಲ್ ಮಣ್ಣಿನಲ್ಲಿ ಯಾವುದೋ ಮಗುವಿಗೆ ಮಾಡಿಕೊಟ್ಟ
ಒಂದೇ ಕಿವಿಯ ನೀರಾನೆ.
ಕೆಲವೊಮ್ಮೆ ಒಬ್ಬ ಮುದುಕ,
"ನಾನಿಲ್ಲೇ ಇರುತ್ತೇನೆ, ನೀವು ನಡೆಯಿರಿ" ಅನ್ನುವವನು.

ಸಂಜೆ ಗುಡಾರ ಗುಡಾರದ ಮುಂದೆ ನಿಂತು ಕೇಳುತ್ತಾನೆ
ಇದು ಯಾರದು?
ರೂಬೇನ್ಯರ ಹುಡುಗಿಯರು ಕಿಸಕ್ಕೆಂದು ನಗುತ್ತಾರೆ,
ಬಾಲದ ನಾಯಕ ಬಂದ,
ಬುದ್ಧಿ ಕಳೆದಿದ್ದರೆ ಕೇಳಿಕೊಳ್ಳಿ!

ಧೂಪದ ಸೌಟು ಎರೆದ ರಾತ್ರಿ ಚಿನ್ನ ಕಡಿಮೆ ಬಿತ್ತು.
ಅಕ್ಕಸಾಲಿ ಶಮ್ಮೂವ ಮೆಲ್ಲಗೆ ಅಂದ:
"ನಿನ್ನ ಗಂಟಿನಲ್ಲೊಂದು ಓಲೆ ಇದೆಯಲ್ಲ.
ಏಳು ತಿಂಗಳಾಯಿತು, ನನ್ನದೆಂದವರಿಲ್ಲ.
ದೇವರಿಗೇ ಹೋಗುವುದು, ತಪ್ಪೇನು?"
ಕುಲುಮೆ ಉಸಿರೆಳೆದು ಬಿಡುತ್ತಿತ್ತು.
ಅಹೀರ ಗಂಟು ಬಿಚ್ಚಿದ, ನೋಡಿದ,
ಮತ್ತೆ ಕಟ್ಟಿದ.
"ಕೇಳಿಲ್ಲ ಅಂದರೆ
ಕಳೆದುಕೊಂಡವಳು ಇಲ್ಲ ಅಂತಲ್ಲ."
ಹೆಂಡತಿ ಅಬೀತಲ್ ತುಟಿ ಬಿಗಿದು ಮೂಗುತಿ ತೆಗೆದು
ಮೂಸೆಗೆ ಎಸೆದಳು.
ಅವಳ ಅಜ್ಜಿ ಇಟ್ಟಿಗೆಯ ಗೂಡಿನಲ್ಲಿ ಬಚ್ಚಿಟ್ಟು ಉಳಿಸಿದ್ದು.
ಮೂರು ದಿನ ಗಂಡನೊಡನೆ ಮಾತಿಲ್ಲ.

ಹತ್ತು ಶೆಕೆಲ್. ಸರಿ.

ಪೆದಾಯನಿಗೆ ಕೈ ಸೋತಿತ್ತು.
'ಸದರಿಯಂತೆ' ಎಂದೊಂದು ಗೆರೆ ಎಳೆದರೆ ಸಾಕಿತ್ತು,
ಚರ್ಮದ ಹಾಳೆ ಉಳಿಯುತ್ತಿತ್ತು, ಮಸಿ ಉಳಿಯುತ್ತಿತ್ತು.
ಆಗ ಅವನ ಕಣ್ಣು ದೂರದಲ್ಲಿ ನಿಂತ ಹೆಂಗಸಿನ ಮೇಲೆ ಬಿತ್ತು,
ಮೂಗಿನ ಬರಿದಾದ ತೂತನ್ನು ಅವಳು
ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.
ಯಾಕೋ ಅವನು ಲೇಖನಿಯನ್ನು ಮತ್ತೊಮ್ಮೆ ಅದ್ದಿ
ಹರಿವಾಣದಿಂದ ಹಿಡಿದು ಕೊನೆಯ ಕುರಿಮರಿಯವರೆಗೆ
ಪೂರ್ತಿ ಬರೆದ,
ಈ ಮೊದಲು ಯಾರೂ ಏನನ್ನೂ ತಂದೇ ಇಲ್ಲವೆಂಬಂತೆ.

ಮುಂದೊಂದು ದಿನ ಮೋಡ ಎದ್ದಿತು, ಕಹಳೆ ಊದಿದರು.
ಮಧ್ಯಾಹ್ನ ಕಳೆದ ಮೇಲೆ ನಫ್ತಾಲಿಯ ಸರದಿ.
ಜಾಲಿಯ ಅರೆನೆರಳಿನಲ್ಲಿ ಮುದುಕಿಯೊಬ್ಬಳು ಕೂತಿದ್ದಳು,
ಯಾವ ಕುಲವೋ, ಕೇಳಿದರೆ ಮರೆತಿದ್ದಳು.
ಅಹೀರ ಗಂಟು ಬಿಚ್ಚಿ ಓಲೆ ತೋರಿಸಿದ,
ನಿನ್ನದೇನವ್ವಾ?
ಅವಳು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.
"ಚೆನ್ನಾಗಿದೆ. ನನ್ನದಲ್ಲ.
ನನಗೆ ಕಿವಿ ಚುಚ್ಚಿಸುವವರೇ ಇರಲಿಲ್ಲ ಮಗಾ."
ಅವಳನ್ನು ತನ್ನ ಕತ್ತೆಯ ಮೇಲೆ ಕೂರಿಸಿ
ಹಗ್ಗ ಹಿಡಿದು ನಡೆದ.

ಮುಂದೆ ಧೂಳು, ಬರೀ ಧೂಳು.
ಅದರೊಳಗೆ ಯಾರೋ ಕೆಮ್ಮಿದರು,
ಏನೋ ಬಿದ್ದ ಸಣ್ಣ ಸದ್ದು.
ಅಹೀರ ಬಗ್ಗಿದ.