ಕೊನೆಯ ಗಂಟೆಗೆ ಒಂಬತ್ತು ದಿನ

ನರೀನ್ ಹೊಳೆದಂಡೆಯ ಶಾಲೆ, ಮೇ ತಿಂಗಳು.
ಹದಿನೆಂಟರಲ್ಲಿ ಏಳು ಬೆಂಚು ಖಾಲಿ:
ಕುರಿಗಳು ಬೆಟ್ಟ ಹತ್ತಿವೆ, ಹಿಂದೆಯೇ ಮಕ್ಕಳೂ.

ಉಳಿದವರ ಕಣ್ಣು ಕಿಟಕಿಯಲ್ಲಿ.
ಬುರುಲ್ ಟೀಚರ್ ನಕ್ಷತ್ರ ಅಂಟಿಸಿದರು, ಗದರಿದರು,
ಒಣ ಏಪ್ರಿಕಾಟ್ ಹಂಚಿದರು.
ತಿಂದರು.
ಭಿನ್ನರಾಶಿ ಹಾಗೇ ಉಳಿಯಿತು.

"ಟೀಚರ್," ಅಂದ ತೈಲಾಕ್,
"ನಮ್ಮ ಕಂದು ಕುದುರೆ ಇವತ್ತೋ ನಾಳೆಯೋ ಈಯುತ್ತೆ.
ಹುಟ್ಟಿದ ಮರಿ ಎಷ್ಟು ಹೊತ್ತಿಗೆ ಎದ್ದು ನಿಲ್ಲುತ್ತೆ, ಗೊತ್ತಾ?"

ಗೊತ್ತಿರಲಿಲ್ಲ.
ಪುಸ್ತಕ ಮುಚ್ಚಿ, ಅವನ ಕೈಗೆ ಸೀಮೆಸುಣ್ಣ ಕೊಟ್ಟು
ಒಂದು ಖಾಲಿ ಬೆಂಚಿನಲ್ಲಿ ಕೂತರು,
ಮೊಣಕಾಲು ಮಡಿಸಿ.

ಬೋರ್ಡಿನ ಮೇಲೆ ಬರೆದ: ಒಂದು ಗಂಟೆ.
ಯೋಚಿಸಿದ. ತೋಳಿನಲ್ಲಿ ಅಳಿಸಿದ.
ಮೂರು, ಒಂದು ಗೆರೆ, ಕೆಳಗೆ ನಾಲ್ಕು.

"ಅದೆಷ್ಟು ಹೊತ್ತು?" ಕೇಳಿದಳು ಜಿಬೆಕ್,
ಈ ವಾರ ಮೊದಲ ಸಲ
ಕಿಟಕಿಯಿಂದ ಈಚೆ ತಿರುಗಿ.